ಶಿಖರದ ದಾರಿಯಲ್ಲಿ ಹರಿದುಹೋಗುವ ಮಣ್ಣು



ಕೊಡಚಾದ್ರಿಯ ಸೂರ್ಯಾಸ್ತವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಆ ಗಿರಿಯ ಸೌಂದರ್ಯವನ್ನು ವರ್ಣಿಸಲು ನಾನಿಲ್ಲಿ ನಿಂತಿಲ್ಲ. ನಮ್ಮನ್ನು ಅಲ್ಲಿಗೆ ಒಯ್ಯುವ ಮಣ್ಣುದಾರಿಯ ಕುರಿತು, ಮಣ್ಣಿನ ವಿದ್ಯಾರ್ಥಿಯಾಗಿ, ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನಿಟ್ಟೂರಿನ ಕಡೆಯಿಂದ ಜೀಪು ಗುಡ್ಡ ಏರತೊಡಗಿದರೆ ಪ್ರಯಾಣಿಕರ ಗಮನವೆಲ್ಲ ಕುಲುಕಾಟದ ಮೇಲೆ; ಚಕ್ರದ ಕೆಳಗೇನಾಗುತ್ತಿದೆ ಎಂದು ನೋಡುವವರು ವಿರಳ. ಒಮ್ಮೆ ಮಳೆಗಾಲ ಮುಗಿದೊಡನೆ ನಾನೂ ಹೀಗೆಯೇ ಹೋಗಿದ್ದೆ. ಕಡಿದಾದ ತಿರುವೊಂದರಲ್ಲಿ ಚಾಲಕರು ಜಾಡನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಜೀಪು ಹತ್ತಿಸಿದರು. ಇಳಿದು ನೋಡಿದರೆ ಹಳೆಯ ಜಾಡು ಮೊಣಕಾಲುದ್ದದ ಕೊರಕಲಾಗಿತ್ತು. ತಾವು ಈ ಕೆಲಸಕ್ಕೆ ಬಂದಾಗ ಅಲ್ಲಿಯೂ ಹುಲ್ಲೇ ಇತ್ತೆಂದು ಅವರು ಹೇಳಿದರು.

ಇದರ ವಿಜ್ಞಾನ ಸರಳವಾದುದು. ಹುಲ್ಲಿನ ಬೇರುಗಳು ಹೆಣೆದ ಮಣ್ಣಿನಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳಿರುತ್ತವೆ. ಮಳೆನೀರು ಅವುಗಳ ಮೂಲಕ ಇಂಗುತ್ತದೆ. ಚಕ್ರದ ಭಾರಕ್ಕೆ ಅವು ಮುಚ್ಚಿಹೋದಾಗ ನೀರು ಜಾಡನ್ನೇ ಕಾಲುವೆಯಾಗಿಸಿಕೊಂಡು ಧಾವಿಸುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಇದರ ಅರ್ಥವೇನೆಂದು ಊಹಿಸಿರಿ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು. ಕೊಚ್ಚಿಹೋಗಲು ಒಂದು ಆಷಾಢ ಸಾಕು.

ಹಾಗೆ ಹೋದ ಮಣ್ಣು ಹಳ್ಳಗಳಲ್ಲಿ, ತೋಟದ ಬಸಿಗಾಲುವೆಗಳಲ್ಲಿ ಹೂಳಾಗಿ ಕೂರುತ್ತದೆ. ಇಂಗಬೇಕಿದ್ದ ನೀರು ಮಳೆಗಾಲದಲ್ಲೇ ಓಡಿಹೋದರೆ ಬೇಸಿಗೆಯಲ್ಲಿ ಒರತೆ ಸೊರಗುತ್ತದೆ. ಅಬ್ಬಿನೀರನ್ನು ನಂಬಿ ಬದುಕುವ ಮನೆಗಳಿಗೆ ಇದು ಕೇವಲ ಪರಿಸರದ ಪ್ರಶ್ನೆಯಲ್ಲ.

ಜೀಪುಗಳನ್ನೇ ನಿಲ್ಲಿಸಿ ಎನ್ನುವುದು ಸುಲಭ. ಆದರೆ ಅವುಗಳಿಂದ ಜೀವನ ಸಾಗಿಸುವವರು ನಮ್ಮ ನೆರೆಹೊರೆಯವರೇ. ಡಾಂಬರು ಹಾಕಿ ಎನ್ನುವುದೂ ಸುಲಭ. ಆದರೆ ಡಾಂಬರಿನ ಮೇಲೆ ಹನಿ ನೀರೂ ಇಂಗದು. ದಾರಿ ನುಣುಪಾದಷ್ಟೂ ವಾಹನಗಳು ಹೆಚ್ಚುತ್ತವೆ. ನನ್ನ ಸಲಹೆ ಇಷ್ಟೇ: ಎರಡನೆಯ ಜಾಡು ಬೀಳದಿರಲಿ. ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ, ಅಲ್ಲಲ್ಲಿ ಕಲ್ಲು ಕಟ್ಟಿದ ಕಾಲುವೆ ತೆಗೆದು ನೀರನ್ನು ಕಾಡಿನ ದರಗಿನ ಕಡೆಗೆ ತಿರುಗಿಸೋಣ. ಜಡಿಮಳೆಯ ದಿನಗಳಲ್ಲಿ ಚಕ್ರಗಳು ವಿಶ್ರಮಿಸಲಿ. ಜೀಪು ನಿಲ್ಲುವಲ್ಲಿಂದ ಸರ್ವಜ್ಞಪೀಠಕ್ಕೆ ಈಗಲೂ ಎಲ್ಲರೂ ನಡೆದೇ ಹೋಗುತ್ತಾರೆ; ಶಕ್ತಿಯುಳ್ಳವರು ಇನ್ನಷ್ಟು ದೂರ ನಡೆದರೆ ನಷ್ಟವೇನೂ ಇಲ್ಲ.

ಗಿರಿಯು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಒಪ್ಪಿಗೆ ಅಗತ್ಯ. ಅದನ್ನು ಪಡೆದು, ಮುಂದಿನ ಮಳೆಗೆ ಮೊದಲು, ಚಾಲಕರೊಡನೆ ನಾವೊಮ್ಮೆ ಆ ದಾರಿಯನ್ನು ನಡೆದು ನೋಡೋಣ. ನೀರು ಎಲ್ಲಿ ಸೊಕ್ಕುತ್ತದೆಂಬುದನ್ನು ನನ್ನ ಪದವಿಗಿಂತ ಚೆನ್ನಾಗಿ ಅವರ ಅನುಭವ ಬಲ್ಲದು.