ಡಾಕ್ಟರು ಗೋಡೆಯಾಚೆ ಹೋಗುವುದೇಕೆ?

ಹಲ್ಲಿನ ಎಕ್ಸ್-ರೇ ತೆಗೆಯುವಾಗ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಡಾಕ್ಟರು ಗೋಡೆಯಾಚೆ ಹೋಗಿಬಿಡುತ್ತಾರೆ. ‘ಅಪಾಯವಿಲ್ಲ ಅನ್ನುವವರು ತಾವೇಕೆ ದೂರ ಹೋಗುತ್ತಾರೆ?’ ಎಂದು ಬಹಳ ಮಂದಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಜರ್ಮನಿಯ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷದ ಜನವರಿಯಲ್ಲೇ ಅಲ್ಲಿನ ದಂತವೈದ್ಯ ಆಟೊ ವಾಲ್ಕಾಫ್ ತಮ್ಮದೇ ಹಲ್ಲುಗಳ ಚಿತ್ರ ತೆಗೆದರು. ಅದಕ್ಕಾಗಿ 25 ನಿಮಿಷ ಅಲುಗದೆ ಇರಬೇಕಾಯಿತು. ಈಗ ಸೆಕೆಂಡಿನ ಒಂದು ಚೂರು ಸಾಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ಯಂತ್ರವನ್ನು ಹದಗೊಳಿಸಲು ತಮ್ಮ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡುತ್ತಿದ್ದರು. ವರ್ಷಗಳ ಮೇಲೆ ಕ್ಯಾನ್ಸರ್ ಬಂತು. ಬೆರಳುಗಳು ಹೋದವು, ಆಮೇಲೆ ತೋಳೇ ಹೋಯಿತು. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ ಈ ಕಿರಣ ಗಿನಿಯಿಲಿಗಳನ್ನು ಕೊಲ್ಲಬಲ್ಲದೆಂದು 1901ರಲ್ಲೇ ತೋರಿಸಿ, ಸೀಸದ ರಕ್ಷಣೆ ಬೇಕೆಂದು ಎಚ್ಚರಿಸಿದ್ದರು. ಅಂದು ಅವರ ಮಾತಿಗೆ ಬೆಲೆ ಸಿಗಲಿಲ್ಲ. ಇದು ನನ್ನನ್ನು ಇಂದಿಗೂ ಕಲಕುತ್ತದೆ.

ದೇಹಕ್ಕೆ ತಗಲುವ ವಿಕಿರಣದ ಪ್ರಮಾಣವೇ ಡೋಸ್. ಅದನ್ನು ಸೀವರ್ಟ್‌ಗಳಲ್ಲಿ ಅಳೆಯುತ್ತಾರೆ. ಒಂದೆರಡು ಹಲ್ಲಿನ ಪುಟ್ಟ ಚಿತ್ರಕ್ಕೆ ಐಓಪಿಎ ಎನ್ನುತ್ತಾರೆ. ಅದರ ಡೋಸ್ 5 ಮೈಕ್ರೊಸೀವರ್ಟ್ ಆಸುಪಾಸು. ಮಣ್ಣು, ಬಂಡೆ, ಆಕಾಶದಿಂದ ನಮಗೆ ಒಂದು ದಿನದಲ್ಲಿ ಸಹಜವಾಗಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಇಡೀ ದವಡೆಯನ್ನು ತೋರಿಸುವ ಓಪಿಜಿಗೆ ಇದರ ಕೆಲವು ಪಟ್ಟು. ಮೂರು ಆಯಾಮದ ಸಿಬಿಸಿಟಿಗೆ ಇನ್ನೂ ಹೆಚ್ಚು. ಹಾಗಾಗಿ ಅದನ್ನು ಬರೆದುಕೊಟ್ಟಾಗ ‘ಯಾಕೆ ಬೇಕು ಡಾಕ್ಟರೆ?’ ಎಂದು ಕೇಳಲು ಸಂಕೋಚಪಡಬೇಡಿ.

ನಮಗೆ ಒಂದೋ ಎರಡೋ ಚಿತ್ರ. ಡಾಕ್ಟರಿಗೆ ದಿನವೂ, ವರ್ಷವೂ ಅದೇ ಕೆಲಸ. ನಮ್ಮ ಮುಖಕ್ಕೆ ತಗುಲಿ ಚದುರುವ ಕಿರಣ ಅವರ ಮೇಲೆ ಕೂಡುತ್ತ ಹೋಗಬಾರದೆಂದೇ ಅವರು ಆಚೆ ನಿಲ್ಲುತ್ತಾರೆ. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನು ನಮ್ಮ ರಕ್ಷಣೆಗೆ, ಯಂತ್ರದ ಮೂತಿಯಲ್ಲಿರುವ ಕಾಲಿಮೇಟರ್ ಕಿರಣವನ್ನು ಬೇಕಾದ ಜಾಗಕ್ಕಷ್ಟೇ ಬಿಡುತ್ತದೆ. ಅಲ್ಯೂಮಿನಿಯಂ ಫಿಲ್ಟರ್ ಚಿತ್ರಕ್ಕೆ ಉಪಯೋಗವಿಲ್ಲದ ದುರ್ಬಲ ಕಿರಣಗಳನ್ನು ತಡೆಯುತ್ತದೆ. ಬಟನ್ ಬಿಟ್ಟ ಮೇಲೆ ಬಾಯಲ್ಲಿ ವಿಕಿರಣವೇನೂ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಈ ಯಂತ್ರಗಳ ಮೇಲ್ವಿಚಾರಣೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಗರ್ಭಿಣಿಯರು ಎಕ್ಸ್-ರೇಗೆ ಮೊದಲೇ ವಿಷಯ ತಿಳಿಸಬೇಕು. ಡಾಕ್ಟರನ್ನು ಬದಲಿಸುವಾಗ ಹಳೆಯ ಎಕ್ಸ್-ರೇ ಒಯ್ಯಿರಿ. ಅದರಿಂದಲೇ ಕೆಲಸವಾದರೆ ಹೊಸದನ್ನು ತೆಗೆಯಬೇಕಾಗಿಲ್ಲ.