ಸೀಸೆಯ ಮೇಲೊಂದು ತಲೆ

ಪಶು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಂದು ಸೀಸೆ ಕೈಗಿಡುವ ಮುಂಚೆ ಎಷ್ಟೊಂದು ಕೇಳುತ್ತಾರೆ! ಯಾರಿಗೆ, ಹಸುವಿಗೋ ಬೆಕ್ಕಿಗೋ? ತೂಕ ಎಷ್ಟಿರಬಹುದು? ಗಬ್ಬ ಇದೆಯಾ? ಹಾಲು ಕೊಡುತ್ತಿದೆಯಾ?

ಸೀಸೆ ಸಿಕ್ಕಿದ ಮೇಲೆ ಲೇಬಲ್ ನೋಡಿ. ಯಾವುದೋ ಸಾಕುಪ್ರಾಣಿಯ ತಲೆಯ ಚಿತ್ರವಿರುತ್ತದೆ. ಜೊತೆಗೆ, ಇದು ಮನುಷ್ಯರಿಗಲ್ಲ ಎಂಬ ಸಾಲು. ಓದಲು ಬಾರದವರಿಗೂ ಚಿತ್ರ ತಿಳಿಯುತ್ತದಲ್ಲ!

ಸರಿ, ನಮ್ಮ ಔಷಧಿಯನ್ನು ಪ್ರಾಣಿಗೆ ಕೊಡಬಹುದೇ? ಬೆಕ್ಕಿನ ಕಥೆ ಕೇಳಿ. ನಮಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗುತ್ತೇವೆ. ಕೆಲಸ ಮುಗಿದ ಮೇಲೆ ನಮ್ಮ ಯಕೃತ್ತು ಅದಕ್ಕೆ ಸಕ್ಕರೆಯಂಥದ್ದೊಂದು ಬಾಲ ಅಂಟಿಸಿ, ಮೂತ್ರದ ದಾರಿಯಲ್ಲಿ ಹೊರಗೆ ಅಟ್ಟುತ್ತದೆ. ಬಾಲ ಅಂಟಿಸಲು ಒಂದು ಕಿಣ್ವ ಬೇಕು. ಅದನ್ನು ತಯಾರಿಸುವ ಜೀನು ಬೆಕ್ಕಿನಲ್ಲಿ ಕೆಟ್ಟು ಕೂತಿದೆ. ಹೊರಹೋಗಲಾರದ ಔಷಧಿ ವಿಷವಾಗಿ ಮಾರ್ಪಟ್ಟು ರಕ್ತವನ್ನು ಕೆಡಿಸುತ್ತದೆ; ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆಗೆ ಬೆಕ್ಕಿನ ಪ್ರಾಣ ಹೋಗಬಹುದು. ಪುಟ್ಟ ಪ್ರಾಣಿ ತಾನೇ, ಕಾಲು ಮಾತ್ರೆ ಕೊಟ್ಟರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಬ್ಬದ ಪ್ರಶ್ನೆಗೂ ಕಾರಣವುಂಟು: ಹಸುವನ್ನು ಬೆದೆಗೆ ತರಲು ಕೊಡುವ ಒಂದು ಚುಚ್ಚುಮದ್ದಿನಿಂದ ಗಬ್ಬದ ಹಸು ಕಂದು ಹಾಕಬಹುದು. ಆ ಮದ್ದು ಚರ್ಮದೊಳಕ್ಕೂ ಇಳಿಯುವುದರಿಂದ ಗರ್ಭಿಣಿಯರು ಅದನ್ನು ಮುಟ್ಟಲೇಬಾರದು.

ಇನ್ನು ಹಾಲು. ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಹಾಲಿಗೂ ಸೇರುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆ ಸತಾಯಿಸುವುದುಂಟು, ಏಕೆಂದರೆ ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೂ ಅದು ಶತ್ರುವೇ! ಎಷ್ಟು ದಿನ ಆ ಹಾಲು ಬಳಸಬಾರದು ಎಂಬುದು ಲೇಬಲ್ ಮೇಲಿರುತ್ತದೆ. ಔಷಧಿಗೆ ಅವಧಿ ಗೊತ್ತುಮಾಡಿಲ್ಲದಿದ್ದರೆ ನಮ್ಮ ದೇಶದ ನಿಯಮದಂತೆ ಕನಿಷ್ಠ 7 ದಿನ.

ಆದರೆ ಕಿಟಕಿಯಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿತ್ತು. ಹಸು ಸತ್ತರೆ ಅದನ್ನು ತಿನ್ನುವವರು ಯಾರು? ರಣಹದ್ದುಗಳು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. ಆಕಾಶವೇ ಖಾಲಿಯಾಗುತ್ತ ಬಂತು. 2006ರಲ್ಲಿ ಭಾರತ ಅದನ್ನು ಪ್ರಾಣಿಗಳಿಗೆ ಕೊಡದಂತೆ ನಿಷೇಧಿಸಿತು. ಹದ್ದುಗಳಿಗೆ ಕೇಡು ಮಾಡದ ಮೆಲಾಕ್ಸಿಕಾಂ ಎಂಬ ನೋವಿನ ಔಷಧಿ ಇದ್ದೇ ಇತ್ತು. ಆದರೂ ಜನ ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನಾಕ್ ದೊಡ್ಡ ಸೀಸೆಗಳನ್ನೇ ತಂದು ದನಗಳಿಗೆ ಚುಚ್ಚುತ್ತಿದ್ದರು. ಹಾಗಾಗಿ 2015ರಲ್ಲಿ ಸೀಸೆಯನ್ನೇ ಕುಗ್ಗಿಸಿದರು: ಒಂದರಲ್ಲಿ 3 ಮಿಲಿಲೀಟರ್ ಮಾತ್ರ. ಮನುಷ್ಯನಿಗೆ ಅಷ್ಟು ಸಾಕು. ಹಸುವಿಗೆ ಕೊಡುತ್ತೇನೆಂದು ಹೊರಟವನು ಈಗ ಸೀಸೆಯ ಮೇಲೆ ಸೀಸೆ ಒಡೆಯುತ್ತ ಕೂರಬೇಕು.