ನೀರಿನ ದಾರಿಗೆ ಎಷ್ಟು ಬೆಲೆ?

(ಗಡಿನಾಡ ಕನ್ನಡ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಹಕ್ಕಿನ ಮಾತು ಬಂದಾಗ ನಾವು ಶಾಲೆ, ಶಿಕ್ಷಕ, ಪಠ್ಯಪುಸ್ತಕ ಎಂದು ಎಣಿಸುತ್ತೇವೆ. ಅಲ್ಲಿಗೆ ಹೋಗಿ ಬರುವ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಲೆಕ್ಕ ಕಣ್ಣಿಗೆ ಹೊಡೆದಂತೆ ಕಾಣುವುದು ದ್ವೀಪಗಳಲ್ಲಿ. ಆದ್ದರಿಂದ ದ್ವೀಪವಾಸಿಗಳ ದೋಣಿ ಖರ್ಚಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಗೋವದಿಂದ ಬಂದವರಿಗೆ ದಿವಾರ್ ಗೊತ್ತು. ಹಳೆ ಗೋವದ ಎದುರಿಗೆ, ಮಾಂಡವಿ ನದಿಯ ನಡುವೆ ಇದೆ. ಕೊಂಕಣ ರೈಲು ಆ ದ್ವೀಪವನ್ನು ಹಾದೇ ಹೋಗುತ್ತದೆ, ಆದರೆ ಅಲ್ಲಿ ನಿಲ್ದಾಣವಿಲ್ಲ! ಜನ ಸರಕಾರಿ ಫೆರಿಯನ್ನೇ ಕಾಯಬೇಕು. ನಡೆದು ಬರುವವರಿಗೂ ದ್ವಿಚಕ್ರ ವಾಹನಗಳಿಗೂ ಹಿಂದಿನಿಂದ ಟಿಕೇಟು ಇರಲಿಲ್ಲ. 2023ರಲ್ಲಿ ದ್ವಿಚಕ್ರಗಳಿಗೂ ಶುಲ್ಕ ಹಾಕಲು ಹೊರಟಾಗ ದ್ವೀಪದವರು ವಿರೋಧಿಸಿದರು, ಸರಕಾರ ಅದನ್ನು ತಡೆಹಿಡಿಯಿತು. ವಿರೋಧ ನ್ಯಾಯವಾದದ್ದೇ. ಪಣಜಿಯ ಸೇತುವೆ ದಾಟುವವನು ಸ್ಕೂಟರಿಗೆ ಕಾಸು ಕೊಡುತ್ತಾನೆಯೆ?

ಎಲ್ಲ ಕಡೆ ದೋಣಿಯನ್ನು ಪುಕ್ಕಟೆ ನಡೆಸಲಾಗದು ನಿಜ. ಹಾಗಾದರೆ ನ್ಯಾಯವಾದ ದರ ಯಾವುದು? ಇದಕ್ಕೆ ಸ್ಕಾಟ್ಲೆಂಡಿನಲ್ಲಿ ಒಂದು ಅಳತೆಗೋಲು ಮಾಡಿಕೊಂಡಿದ್ದಾರೆ. ಅದರ ಹೆಸರು 'ರೋಡ್ ಈಕ್ವಿವಲೆಂಟ್ ಟ್ಯಾರಿಫ್', ಅಂದರೆ ರಸ್ತೆಗೆ ಸಮನಾದ ದರ. ದೋಣಿ ಸಾಗುವಷ್ಟೇ ದೂರ ನೆಲದ ಮೇಲೆ ಹೋಗಲು ಎಷ್ಟು ಖರ್ಚಾಗುತ್ತದೆಯೋ ಅದನ್ನು ಆಧಾರವಾಗಿಟ್ಟು, ಒಂದು ಸ್ಥಿರ ಮೊತ್ತ ಸೇರಿಸಿ ದರ ಕಟ್ಟುವುದು. 2008ರಲ್ಲಿ ಪಶ್ಚಿಮದ ಕೆಲವು ದ್ವೀಪಗಳಲ್ಲಿ ಪ್ರಯೋಗವಾಗಿ ಶುರುವಾಯಿತು. 2015ರ ಹೊತ್ತಿಗೆ ಪಶ್ಚಿಮ ಕರಾವಳಿಯ ಸರಕಾರಿ ಹಡಗು ಮಾರ್ಗಗಳಿಗೆಲ್ಲ ಬಂತು.

ದರ ಇಳಿಯಿತು. ಆದರೆ ಇಳಿದ ದರ ಪ್ರವಾಸಿಗಳಿಗೂ ಸಿಕ್ಕಿತು! ಬೇಸಿಗೆಯಲ್ಲಿ ಅವರ ಕಾರುಗಳೇ ಹಡಗು ತುಂಬಿ, ಆಸ್ಪತ್ರೆಗೆ ಹೊರಟ ದ್ವೀಪದವನ ಕಾರಿಗೆ ಜಾಗವಿಲ್ಲ ಎಂಬ ದೂರು ಎದ್ದಿತು. ಇನ್ನೊಂದು ಸಂಗತಿ: 2012ರಲ್ಲಿ ದೊಡ್ಡ ಸರಕು ವಾಹನಗಳನ್ನು ಈ ರಿಯಾಯಿತಿಯಿಂದ ಹೊರಗಿಟ್ಟರು. ಲಾರಿಯ ದೋಣಿ ಬಾಡಿಗೆ ಕೊನೆಗೆ ಬೀಳುವುದು ಹಿಟ್ಟು, ಸಿಮೆಂಟು, ದನದ ಮೇವಿನ ಬೆಲೆಯ ಮೇಲೆ. ಮನೆ ಬಿಟ್ಟು ಕದಲದ ಅಜ್ಜಿಯೂ ಅದನ್ನು ತೆರುತ್ತಾಳೆ.

ಸ್ಪೇನಿನವರ ದಾರಿ ಬೇರೆ. 2018ರಲ್ಲಿ ಕ್ಯಾನರಿ, ಬಲೆಯಾರಿಕ್ ದ್ವೀಪಗಳಿಂದ ಮುಖ್ಯಭೂಮಿಗೆ ಹೋಗುವ ವಿಮಾನ ದರದಲ್ಲಿ ಶೇಕಡಾ 75 ರಿಯಾಯಿತಿ ಕೊಟ್ಟರು. ಅದು ಅಲ್ಲಿ ವಾಸಿಸುವವರಿಗೆ ಮಾತ್ರ. ನನಗೆ ಕೇಳಿದರೆ ಅಳತೆಗೋಲು ಸ್ಕಾಟ್ಲೆಂಡಿನದು ಇರಲಿ, ಫಲಾನುಭವಿಯನ್ನು ಗುರುತಿಸುವ ಕ್ರಮ ಸ್ಪೇನಿನದು ಇರಲಿ. (ವಾಸದ ದಾಖಲೆಗಾಗಿ ಕಚೇರಿ ಅಲೆಯುವ ಕಷ್ಟ ಗಡಿನಾಡಿನವರಿಗೆ ನಾನು ಹೇಳಬೇಕಾಗಿಲ್ಲ.)

ಇನ್ನು ಟಿಕೇಟಿನಲ್ಲಿ ಅಚ್ಚಾಗದ ಖರ್ಚು. ಸಂಜೆಯ ಕೊನೆಯ ದೋಣಿ ತಪ್ಪಿದರೆ ಆಚೆ ದಡದಲ್ಲಿ ರಾತ್ರಿ ಕಳೆಯಬೇಕು. ಕೂಲಿಯವನು ಅರ್ಧ ದಿನದ ಕೆಲಸ ಬಿಡಬೇಕು. ಸಂಜೆ ತರಗತಿ ಇದ್ದರೆ ಹುಡುಗಿಯನ್ನು ಕಾಲೇಜಿಗೇ ಕಳಿಸುವುದಿಲ್ಲ.

ನಮ್ಮ ಊರುಗಳಲ್ಲಿ ನೀರು ಇಲ್ಲದಿರಬಹುದು, ಕನ್ನಡ ಶಾಲೆ ಮಾತ್ರ ಎರಡು ಬಸ್ಸಿನಾಚೆ ಇರುತ್ತದೆ. ಈ ತಿಂಗಳು ಪ್ರತಿ ಶಾಲೆಯವರೂ ಒಂದು ಪಟ್ಟಿ ಮಾಡಿ: ಮಗು ಎಲ್ಲಿಂದ ಬರುತ್ತದೆ, ಎಷ್ಟು ಬಸ್ಸು ಬದಲಿಸುತ್ತದೆ, ತಿಂಗಳಿಗೆ ಎಷ್ಟು ಹಣ, ಕೊನೆಯ ಬಸ್ಸು ಎಷ್ಟು ಗಂಟೆಗೆ. ಜಿಲ್ಲಾಧಿಕಾರಿಗಳಿಗೆ ಕೊಡುವ ಮುಂದಿನ ಮನವಿಗೆ ಆ ಪಟ್ಟಿಯನ್ನು ಲಗತ್ತಿಸೋಣ.